ಹತ್ತು ಗಂಟೆಯ ತಾಳೆ

ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ರೊಟ್ಟಿ ಬಡಿದು, ಮನೆಯವರಿಗೆ ಬಿ.ಪಿ. ಗುಳಿಗೆ ಕೊಟ್ಟು ಕೂತರೆ ಗಡಿಯಾರ ಹತ್ತಕ್ಕೆ ಬಂದಿರುತ್ತದೆ. ಆಗ ನನ್ನ ಕೈ ತಾನಾಗಿಯೇ ಫೋನಿನ ಕಡೆ ಹೋಗುತ್ತದೆ. ನೌಕರಿಯಿಂದ ನಿವೃತ್ತಳಾಗಿ ಮೂರು ವರ್ಷವಾಯಿತು, ಕೈಗೆ ಇನ್ನೂ ಗೊತ್ತಾಗಿಲ್ಲ. ಆ ಕಡೆಯಿಂದ ಫೋನ್ ಮಾಡುವವರೂ ಈಗ ಇಲ್ಲ.

ನಮ್ಮ ತಂಗಿಯ ಮಗಳು ಕಲಬುರಗಿಯ ಒಂದು ಕಾಲೇಜಿನಲ್ಲಿ ನಾನು ಮಾಡಿದ ಕೆಲಸಕ್ಕೇ ಸೇರಿದ್ದಾಳೆ. ದೊಡ್ಡವ್ವಾ, ನೀ ಏನು ಕಲ್ತಿ ಬರೆದುಕೊಡು, ನನ್ನ ಜೋಡಿಯವರೂ ಓದುತ್ತಾರೆ ಅಂದಳು. ನನಗೆ ಸಿಕ್ಕ ಪ್ರಮೋಷನ್ ಒಂದೇ, ಅದರ ಬಗ್ಗೆ ಬರೆಯುವಂಥದ್ದು ಏನಿಲ್ಲ. ತಪ್ಪುಗಳು ಬಹಳ ಇವೆ. ಒಂದು ತಪ್ಪಂತೂ ಇನ್ನೂ ತಿದ್ದಲಿಕ್ಕೆ ಆಗದೆ ಹಾಗೇ ಉಳಿದಿದೆ. ಅದನ್ನು ಬಿಟ್ಟು ಉಳಿದದ್ದು ಬರೆದರೆ ಶಿವ ಮೆಚ್ಚುವುದಿಲ್ಲ. ಅದಕ್ಕೇ ಎಲ್ಲವನ್ನೂ ಬರೆಯುತ್ತೇನೆ.

ಮೊದಲು ಕೆಲಸ ಏನು ಅಂತ ಹೇಳುತ್ತೇನೆ. ಕಂಪ್ಯೂಟರಿಗೆ ಬೇಕಾದ ಪುಕ್ಕಟೆ ಸಾಫ್ಟ್‌ವೇರುಗಳನ್ನು ಹೊರದೇಶದ ಯಾವುದೋ ದೊಡ್ಡ ಸರ್ವರಿನಲ್ಲಿ ಇಟ್ಟಿರುತ್ತಾರೆ. ಜಗತ್ತೆಲ್ಲ ಅಲ್ಲಿಗೇ ಹೋದರೆ ಅದು ತಾಳುವುದಿಲ್ಲ, ನಮ್ಮ ಕಡೆಯವರಿಗೆ ಒಂದು ಫೈಲು ಇಳಿಯಲಿಕ್ಕೆ ಒಂದು ದಿನ ಬೇಕು. ಅದಕ್ಕೇ ಅಲ್ಲಲ್ಲಿ ಅದರ ಪಡಿಯಚ್ಚು ಇಟ್ಟುಕೊಳ್ಳುತ್ತಾರೆ. ಅದನ್ನು ಮಿರರ್ ಅನ್ನುತ್ತಾರೆ. ನಮ್ಮ ಸಂಸ್ಥೆಗೆ ಎರಡು ಕಾಲೇಜುಗಳಿದ್ದವು, ಒಂದು ಛತ್ರಪತಿ ಸಂಭಾಜಿನಗರದಲ್ಲಿ, ಇನ್ನೊಂದು ನಾಶಿಕದಲ್ಲಿ. ಹೊರಗಿನ ಫೈಲುಗಳು ಮೊದಲು ಸಂಭಾಜಿನಗರಕ್ಕೆ ಬರುತ್ತಿದ್ದವು, ಅಲ್ಲಿಂದ ನಾಶಿಕದ ನನ್ನ ಸರ್ವರಿಗೆ. ದಿನಕ್ಕೆ ನಾಲ್ಕು ಸಲ ನನ್ನ ಸರ್ವರ್ ಅಲ್ಲಿಗೆ ಹೋಗಿ ನೋಡಿಕೊಂಡು ಬರುತ್ತಿತ್ತು. ಅಲ್ಲಿ ಏನಿದೆಯೋ ಅದು ಇಲ್ಲಿ ಇರಬೇಕು. ಅಲ್ಲಿಂದ ಏನು ಹೋಯಿತೋ ಅದು ಇಲ್ಲಿಂದಲೂ ಹೋಗಬೇಕು, ಇಲ್ಲದಿದ್ದರೆ ಹಳೆಯ ಕಸ ತುಂಬಿ ಜಾಗ ಸಾಲುವುದಿಲ್ಲ. ಈ ಎರಡನೆಯ ಮಾತನ್ನು ನೆನಪಿಡಿ. ನನ್ನ ಕಥೆ ಅದರಲ್ಲೇ ಇದೆ.

ಮನೆಯವರದು ಬ್ಯಾಂಕ್ ನೌಕರಿ. ಭಾಲ್ಕಿಯಿಂದ ನಾಶಿಕಕ್ಕೆ ವರ್ಗವಾಗಿ ಬಂದಾಗ ನನ್ನ ಕೈಯಲ್ಲಿ ಒಂದು ಕಂಪ್ಯೂಟರ್ ಡಿಪ್ಲೊಮಾ ಇತ್ತು, ಬಾಯಲ್ಲಿ ಮರಾಠಿ ಅರ್ಧಮರ್ಧ. ಹಾಗೇ ಕಾಲೇಜಿಗೆ ಸೇರಿಕೊಂಡೆ. ಸೇರಿದ ಮೂರನೆಯ ದಿನ ಬೆಳಿಗ್ಗೆ ಹತ್ತಕ್ಕೆ ಕೋಣೆಯ ಫೋನ್ ಬಡಿಯಿತು. ಎತ್ತಿ ಮರಾಠಿಯಲ್ಲಿ ತಡವರಿಸುತ್ತಿದ್ದೆ, ಆ ಕಡೆಯಿಂದ ಅಚ್ಚ ಕನ್ನಡ ಬಂತು. "ಸಾಕ್ ಬಿಡವಾ, ನಿನ್ನ ಮರಾಠಿ ಕೇಳಿದ್ರ ಮರಾಠಿಯವರಿಗೆ ಜ್ವರ ಬರ್ತದ. ಯಾವ ಊರು ನಿಂದು?"

ಅವರೇ ಅನಸೂಯಕ್ಕ. ಸಂಭಾಜಿನಗರದ ಸರ್ವರ್ ನೋಡಿಕೊಳ್ಳುವವರು. ಕಲಬುರಗಿಯವರು, ಯಜಮಾನರು ಅಲ್ಲಿ ಕೇಂದ್ರ ಸರ್ಕಾರದ ಕಚೇರಿಯಲ್ಲಿದ್ದರು. ನನಗಿಂತ ಎಂಟು ವರ್ಷ ದೊಡ್ಡವರು.

ಆವತ್ತಿನಿಂದ ದಿನಾ ಹತ್ತಕ್ಕೆ ನಮ್ಮ ತಾಳೆ. ಅವರು ತಮ್ಮಲ್ಲಿರುವ ಫೈಲುಗಳ ಲೆಕ್ಕ ಓದಬೇಕು, ನಾನು ನನ್ನದು ಓದಬೇಕು. "ಎಷ್ಟದವಾ ನಿಂದು?" ಅಂತ ಕೇಳುವರು. ನಾನು ಎಪ್ಪತ್ತೊಂದು ಸಾವಿರದ ನಾನೂರಾ ಹನ್ನೆರಡು ಅಂದರೆ, "ನಂದು ಹದಿಮೂರದ. ಒಂದು ಎಲ್ಲಿ ತಿಂದಿ?" ಅನ್ನುವರು. ಇಬ್ಬರೂ ಆ ಒಂದನ್ನು ಹುಡುಕುತ್ತ ಕೂಡುತ್ತಿದ್ದೆವು. ನಡುನಡುವೆ ಅವರ ಮನೆಯ ಪುಂಡಿಪಲ್ಲೆ, ನಮ್ಮ ಮನೆಯ ನೀರಿನ ತ್ರಾಸು ಎಲ್ಲಾ ಬರುತ್ತಿತ್ತು. ಒಂದು ವರ್ಷದ ತನಕ ನಾವು ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ. ನನಗೆ ಅಕ್ಕ ಅಂದರೆ ಒಂದು ದನಿ, ಅಷ್ಟೇ. ಸ್ವಲ್ಪ ಒಡಕು, ಮಾತಿನ ಕೊನೆಗೆ ನಗೆ ಸೇರಿಕೊಂಡ ದನಿ. ಪರವೂರಿನಲ್ಲಿ ಹತ್ತು ಗಂಟೆಗೆ ಆ ದನಿ ಕೇಳುವುದು ನನಗೆ ಎರಡನೆಯ ಪೂಜೆ ಇದ್ದ ಹಾಗಿತ್ತು. ಪೂಜೆ ಆದಮೇಲೆ ಶಿವನು ಮಾಡಿದ ಉಪಕಾರಗಳನ್ನು ಬೆರಳು ಮಡಚಿ ಎಣಿಸುವುದು ನನ್ನ ರೂಢಿ. ಆ ದನಿಗೆ ದಿನಾ ಒಂದು ಬೆರಳು ಇಟ್ಟಿದ್ದೆ.

ಅಕ್ಕನ ಕಾಲೇಜಿನ ಇಬ್ಬರು ವಿದ್ಯಾರ್ಥಿನಿಯರು ಕಣ್ಣು ಕಾಣದವರಿಗಾಗಿ ಒಂದು ಸಾಫ್ಟ್‌ವೇರ್ ಮಾಡಿದರು. ಪರದೆಯ ಮೇಲಿನ ಅಕ್ಷರಗಳನ್ನು ಅದು ಗಟ್ಟಿಯಾಗಿ ಓದುತ್ತದೆ. ಮರಾಠಿಗೆ ಬೇರೆ ಯಾರದೋ ದನಿ, ಕನ್ನಡಕ್ಕೆ ಅನಸೂಯಕ್ಕನದು. ಸಾಮಾನು ಕೋಣೆಯ ಕಿಟಕಿಗೆ ಕಂಬಳಿ ಕಟ್ಟಿ, ಕುರ್ಚಿಯ ಮೇಲೆ ಕೂಡಿಸಿ, ಇಡೀ ಕಾಗುಣಿತ ಹೇಳಿಸಿ ರೆಕಾರ್ಡ್ ಮಾಡಿದರು. ಅಕ್ಷರ ಅಕ್ಷರ ಕತ್ತರಿಸಿ ಮತ್ತೆ ಜೋಡಿಸಿದ ಮಾತು ಅದು, ಬಿಕ್ಕಳಿಸಿದ ಹಾಗೆ ಬರುತ್ತಿತ್ತು. ಆದರೂ ಅಕ್ಕನದು ಅಂತ ತಿಳಿಯುತ್ತಿತ್ತು. ಅದನ್ನೂ ನಮ್ಮ ಸಂಗ್ರಹಕ್ಕೆ ಸೇರಿಸಿದೆವು.

ಅದರ ಮೇಲೆಯೇ ನನ್ನ ಮೊದಲ ದೊಡ್ಡ ತಪ್ಪು ಆಯಿತು. ಆಗ ಮನೆಯವರು ಮಾಲೇಗಾಂವ್ ಶಾಖೆಯಲ್ಲಿದ್ದರು, ಶನಿವಾರ ಬಂದು ಸೋಮವಾರ ಬಸ್ಸಿಗೆ ಹೋಗುತ್ತಿದ್ದರು. ಅವರ ಶಾಖೆಯ ಟೆಲಿಫೋನ್ ಆಪರೇಟರ್ ವೀರಣ್ಣ, ಬೀದರ್ ಜಿಲ್ಲೆಯವನೇ, ಹುಟ್ಟಿನಿಂದ ಕಣ್ಣಿಲ್ಲ. ಅವನು ಅಕ್ಕನ ದನಿಯ ಸಾಫ್ಟ್‌ವೇರ್ ಹಾಕಿಸಿಕೊಂಡಿದ್ದ. ಹೊರಗೆ ಮಗ್ಗಗಳ ಸದ್ದು, ಒಳಗೆ ಟೆಲಿಫೋನ್ ಕೋಣೆಯಲ್ಲಿ ಕಲಬುರಗಿ ಕನ್ನಡ. ಒಂದು ದಿನ ಅವನೇ ನನಗೆ ಫೋನ್ ಮಾಡಿದ.

"ಮೇಡಮ್ಮರ, ನಿಮ್ಮ ಅಕ್ಕಾರು ನಿನ್ನಿಯಿಂದ ನನ್ನ ಜೋಡಿ ಮಾತು ಬಿಟ್ಟಾರ್ರಿ. ನಾ ಏನೂ ಅಂದಿಲ್ರಿ ಅವರಿಗೆ."

ಆದದ್ದು ಇಷ್ಟು. ಯಾವ ಯಾವ ಫೈಲು ಇವೆ ಅಂತ ಹೇಳುವ ಒಂದು ಪಟ್ಟಿ ಇರುತ್ತದೆ. ನನ್ನ ಸರ್ವರಿಗೆ ಹೊಸ ಪಟ್ಟಿ ಮೊದಲೇ ಬಂದು ಕೂತಿತ್ತು, ಫೈಲುಗಳು ಇನ್ನೂ ದಾರಿಯಲ್ಲಿದ್ದವು. ಅಷ್ಟರಲ್ಲಿ ವೀರಣ್ಣನ ಕಂಪ್ಯೂಟರ್ ಪಟ್ಟಿ ನೋಡಿ ಹೊಸದು ತರಲಿಕ್ಕೆ ಹೋಯಿತು. ಅರ್ಧ ಹೊಸದು ಬಂತು, ಅರ್ಧ ಹಳೆಯದು ಹೋಯಿತು, ಮಾತು ನಿಂತಿತು. ನೀವು ಇದನ್ನು ಬರೆದಿಟ್ಟುಕೊಳ್ಳಿ: ಮೊದಲು ಫೈಲುಗಳನ್ನು ತರಬೇಕು, ಪಟ್ಟಿಯನ್ನು ಕೊನೆಗೆ. ಅಂಗಡಿಗೆ ಸಾಮಾನು ಬರುವ ಮುಂಚೆ ಬೋರ್ಡು ಹಾಕಬಾರದು. ಇದನ್ನು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ, ವೀರಣ್ಣನಿಂದ ಕಲಿತೆ.

ಹಳೆಯ ಸಾಫ್ಟ್‌ವೇರನ್ನು ಒಂದು ಸಿ.ಡಿ. ಮಾಡಿ ಸೋಮವಾರ ಮನೆಯವರ ಕೈಯಲ್ಲಿ ಕಳಿಸಿದೆ. ದನಿ ಮರಳಿ ಬಂತು. ವೀರಣ್ಣ ಮಾತ್ರ ಆವತ್ತೇ ತನ್ನ ಕಂಪ್ಯೂಟರಿನ ಇಂಟರ್ನೆಟ್ ವಾಯರು ಕೀಳಿಸಿಬಿಟ್ಟ. ಇನ್ನು ಮೇಲೆ ಹೊಸದು ಅಂತ ನನ್ನ ಹತ್ತಿರ ಬರಬೇಡಿ, ನಾನು ಅದಕ್ಕೆ ಹೊಂದಿಕೊಂಡಿದ್ದೇನೆ, ಅದು ನನಗೆ ಹೊಂದಿಕೊಂಡಿದೆ ಅಂದ. ನನಗೆ ಬಹಳ ಅವಮಾನವಾಯಿತು. ಆಗ ಆ ಅವಮಾನದಲ್ಲಿ ಒಂದು ಉಪಕಾರ ಅಡಗಿದೆ ಅಂತ ಗೊತ್ತಿರಲಿಲ್ಲ.

ನಮ್ಮ ಮೇಲಿನವರು ಪಾಠಕ್ ಸರ್. ಎರಡೂ ಕಾಲೇಜಿನ ಸರ್ವರುಗಳ ಹೊಣೆ ಅವರದು. ಕೆಟ್ಟವರಲ್ಲ. ನನ್ನ ಮಗಳಿಗೆ ಕಾಮಾಲೆ ಆದಾಗ ಕೇಳುವ ಮುಂಚೆ ರಜೆ ಕೊಟ್ಟವರು. ಆದರೆ ಅವರಿಗೆ ಒಂದು ಪಟ್ಟಿಯ ಹುಚ್ಚಿತ್ತು. ಹೊರದೇಶದ ಮೂಲ ಸರ್ವರಿನವರು ಜಗತ್ತಿನ ಎಲ್ಲ ಮಿರರುಗಳ ಹೆಸರು ಒಂದು ಪುಟದಲ್ಲಿ ಹಾಕಿ, ತಾಳೆ ಇದ್ದರೆ ಹಸಿರು ಚುಕ್ಕೆ, ಹಿಂದೆ ಬಿದ್ದರೆ ಕೆಂಪು ಚುಕ್ಕೆ ತೋರಿಸುತ್ತಾರೆ. ಸರ್ ಚಹಾ ಕುಡಿಯುವ ಮುಂಚೆ ಆ ಪುಟ ನೋಡುವರು. ಕೆಂಪು ಇದ್ದರೆ ಆವತ್ತು ಚಹಾವೂ ಕಹಿ, ನಾವೂ ಕಹಿ.

ನನ್ನ ಸರ್ವರಿನಲ್ಲಿ ನಾನು ಒಂದು ಕಟ್ಟು ಹಾಕಿಟ್ಟಿದ್ದೆ. ಒಂದೇ ಸಲಕ್ಕೆ ಇನ್ನೂರಕ್ಕಿಂತ ಹೆಚ್ಚು ಫೈಲು ಅಳಿಸುವ ಪ್ರಸಂಗ ಬಂದರೆ ಕೆಲಸ ಅಲ್ಲಿಗೇ ನಿಲ್ಲಬೇಕು, ನಾನು ನೋಡಿ ಹೂಂ ಅಂದಮೇಲೆ ಮುಂದೆ ಹೋಗಬೇಕು. ಅನಸೂಯಕ್ಕ ಕಲಿಸಿದ್ದು ಅದು. ಆದರೆ ಹೊಸ ಸಾಫ್ಟ್‌ವೇರ್ ಬಿಡುಗಡೆಯಾದಾಗಲೆಲ್ಲ ಸಾವಿರಾರು ಹಳೆಯ ಫೈಲುಗಳು ಒಮ್ಮೆಗೇ ಹೋಗಬೇಕಾಗುತ್ತದೆ. ಕಟ್ಟು ಅಡ್ಡ ಬರುತ್ತಿತ್ತು, ಭಾನುವಾರವಿದ್ದರೆ ಸೋಮವಾರದ ತನಕ ಕೆಂಪು ಚುಕ್ಕೆ. ಮೂರನೆಯ ಸಲ ಹಾಗಾದಾಗ ಸರ್ ಎಲ್ಲರ ಮುಂದೆ ಅಂದರು. ನಾಶಿಕದ ಮೇಡಮ್ಮರಿಗೆ ಪ್ರತಿ ಫೈಲಿಗೂ ಕುಂಕುಮ ಹಚ್ಚಿ ಕಳಿಸಿಕೊಡಬೇಕಾಗಿದೆ, ಅದಕ್ಕೇ ತಡ ಅಂತ. ಎಲ್ಲರೂ ನಕ್ಕರು. ನಾನು ಕೋಣೆಗೆ ಹೋಗಿ ಆ ಕಟ್ಟು ತೆಗೆದುಹಾಕಿದೆ. ಅಕ್ಕನಿಗೆ ಹೇಳಲಿಲ್ಲ. ಸರ್ ಬೈದರು ಅಂತ ಈಗ ಅವರ ಮೇಲೆ ಹಾಕಲಾರೆ. ಅವರು ತೆಗೆ ಅನ್ನಲಿಲ್ಲ. ನಗೆ ತಾಳಲಾರದೆ ನಾನೇ ತೆಗೆದೆ. ಆಮೇಲೆ ಎಂಟು ತಿಂಗಳು ಒಂದೇ ಒಂದು ಕೆಂಪು ಚುಕ್ಕೆ ಬರಲಿಲ್ಲ, ಸರ್ ಮೀಟಿಂಗಿನಲ್ಲಿ ನನ್ನ ಹೆಸರು ಹೇಳಿ ಹೊಗಳಿದರು. ಆ ಹೊಗಳಿಕೆಗೂ ಅವತ್ತು ಒಂದು ಬೆರಳು ಮಡಚಿದ್ದೆ.

ಅದೇ ವರ್ಷ ಅಕ್ಕನ ದನಿ ಇನ್ನಷ್ಟು ಒಡೆಯಿತು. ನೆಗಡಿ ಅಂದರು, ಮಸಾಲಿ ಖಾರ ಅಂದರು. ಆಮೇಲೆ ಡಾಕ್ಟರು ಗಂಟಲಿನ ಗಂಟು ಅಂದರು. ದನಿಪೆಟ್ಟಿಗೆ ಪೂರಾ ತೆಗೆಯಬೇಕು, ಜೀವ ಉಳಿಯುತ್ತದೆ, ಮಾತು ಉಳಿಯುವುದಿಲ್ಲ. ಆಪರೇಷನ್ನಿಗೆ ಮೂರು ವಾರ ಇತ್ತು.

ಸಾಫ್ಟ್‌ವೇರ್ ಮಾಡಿದ್ದ ವಿದ್ಯಾರ್ಥಿನಿಯರಲ್ಲಿ ಒಬ್ಬಳು ಅಲ್ಲೇ ಪಾಠ ಹೇಳಲಿಕ್ಕೆ ಸೇರಿದ್ದಳು. ಅವಳು ಒಂದು ದಾರಿ ಹೇಳಿದಳು. ಹಳೆಯದು ಕತ್ತರಿಸಿ ಜೋಡಿಸಿದ ಮಾತು, ಈಗಿನ ರೀತಿ ಬೇರೆ. ಅಕ್ಕ ತಾಸುಗಟ್ಟಲೆ ಸಹಜವಾಗಿ ಓದಿ, ಮಾತಾಡಿ ರೆಕಾರ್ಡ್ ಮಾಡಿಕೊಟ್ಟರೆ ಅದರಿಂದ ಕಂಪ್ಯೂಟರಿಗೆ ಅವರದೇ ದನಿ ಕಲಿಸಬಹುದು. ಆಮೇಲೆ ಅಕ್ಕ ಟೈಪ್ ಮಾಡಿದ್ದನ್ನು ಅವರ ದನಿಯಲ್ಲೇ ಅದು ಆಡುತ್ತದೆ. ಅಕ್ಕ ಹದಿನೆಂಟು ದಿನ ಅದೇ ಕಂಬಳಿ ಕಟ್ಟಿದ ಕೋಣೆಯಲ್ಲಿ ಕೂತರು. ಪತ್ರಿಕೆ ಓದಿದರು, ಅಡುಗೆ ಹೇಳಿದರು, ಜೋಗುಳ ಹಾಡಿದರು, ಯಜಮಾನರನ್ನು ಬೈದರು. ನಗೆ ಬೇಕು ಅಂದರೆ ನಕ್ಕರು. ಕೊನೆಯ ನಾಲ್ಕು ದಿನ ನೋವಿಗೆ ಗುಳಿಗೆ ನುಂಗಿ ಓದಿದರು ಅಂತ ಯಜಮಾನರು ಆಮೇಲೆ ಹೇಳಿದರು.

ಸಂಭಾಜಿನಗರದ ಸರ್ವರಿನಲ್ಲಿ ಜಾಗ ಇರಲಿಲ್ಲ. ಹೊರಗಿನಿಂದ ಜೋಡಿಸುವ ಒಂದು ಹಾರ್ಡ್ ಡಿಸ್ಕಿನಲ್ಲಿ ಆ ರೆಕಾರ್ಡಿಂಗುಗಳನ್ನು, ಜೊತೆಗೆ ಅಕ್ಕನ ಹಳೆಯ ಕಾಗುಣಿತದ ಸಾಫ್ಟ್‌ವೇರನ್ನೂ ಇಟ್ಟು ಸರ್ವರಿಗೆ ತಗುಲಿಸಿದರು. ಅಲ್ಲಿಂದ ಅವು ನನ್ನ ಸರ್ವರಿಗೂ ಬಂದವು. ಮೂರನೆಯ ಕಡೆ ಇಡೋಣವೇನು ಅಂತ ಆ ಪಾಠ ಹೇಳುವ ಮೇಡಮ್ ಕೇಳಿದ್ದಳು. ಎರಡೂರಲ್ಲಿ ಇದೆಯಲ್ಲವಾ, ಇನ್ನೆಲ್ಲಿ ಹೋಗುತ್ತದೆ ಅಂತ ನಾನೇ ಹೇಳಿದೆ. ದಸರೆ ಆದಮೇಲೆ ದನಿ ಕಲಿಸುವ ಕೆಲಸ ಶುರು ಮಾಡೋಣ ಅಂತ ಮಾತಾಯಿತು.

ಆಪರೇಷನ್ ಆಯಿತು. ಶಿವನ ದಯೆ, ಅಕ್ಕ ಉಳಿದರು. ಕುತ್ತಿಗೆಗೆ ಒತ್ತಿಕೊಂಡು ಮಾತಾಡುವ ಒಂದು ಯಂತ್ರ ಕೊಟ್ಟಿದ್ದರು. ಅದರ ದನಿ ಮಿಕ್ಸರ್ ತಿರುಗಿಸಿದ ಹಾಗಿತ್ತು. ಒಂದೇ ದಿನ ಹಚ್ಚಿ ಕಪಾಟಿನಲ್ಲಿ ಇಟ್ಟರು. ನನ್ನ ದನಿ ಬರ್ತದಲ್ಲ, ಅಲ್ಲಿ ತನಕ ಸುಮ್ಮನಿರ್ತೀನಿ ಅಂತ ಪಾಟಿಯ ಮೇಲೆ ಬರೆದು ತೋರಿಸಿದರಂತೆ.

ಎರಡು ತಿಂಗಳ ಮೇಲೆ ಕೆಲಸಕ್ಕೆ ಬಂದರು. ಬೆಳಿಗ್ಗೆ ಹತ್ತಕ್ಕೆ ಫೋನ್ ಬಡಿಯಿತು. ಎತ್ತಿದರೆ ಮಾತಿಲ್ಲ, ಉಸಿರಿನ ಸದ್ದು ಮಾತ್ರ. ನನ್ನ ಲೆಕ್ಕ ಓದಿದೆ. ಆ ಕಡೆ ಬೆರಳಿನಿಂದ ಮೇಜು ಒಂದು ಸಲ ತಟ್ಟಿದ ಸದ್ದು ಬಂತು. ಮರುದಿನ ಲೆಕ್ಕ ತಪ್ಪಿತ್ತು, ಎರಡು ಸಲ ತಟ್ಟಿದರು. ಹಾಗೆ ನಮ್ಮ ರೂಢಿ ಬೆಳೆಯಿತು. ಒಂದು ತಟ್ಟಿದರೆ ತಾಳೆ ಆಯಿತು, ಎರಡು ತಟ್ಟಿದರೆ ಆಗಲಿಲ್ಲ. ಆ ಹೊತ್ತಿಗೆ ಯಂತ್ರಗಳೇ ತಮ್ಮಷ್ಟಕ್ಕೆ ತಾಳೆ ನೋಡಿಕೊಳ್ಳುವ ಪದ್ಧತಿ ಬಂದಿತ್ತು. ಈ ಫೋನ್ ಯಾಕೆ ಬೇಕು ಅಂತ ಪಾಠಕ್ ಸರ್ ಒಂದೆರಡು ಸಲ ಕೇಳಿದರು, ಆಮೇಲೆ ಕೇಳುವುದು ಬಿಟ್ಟರು. ನಾನು ಎಷ್ಟೋ ಸಲ ಬೇಕಂತಲೇ ತಪ್ಪು ಓದಿ ಒಂದು ಸಲ ಹೆಚ್ಚು ತಟ್ಟಿಸಿಕೊಳ್ಳುತ್ತಿದ್ದೆ. ಅವರಿಗೆ ತಿಳಿಯುತ್ತಿತ್ತು. ಆಗ ಮೂರು ಸಲ ಜೋರಾಗಿ ತಟ್ಟುವರು. ಅದು ಬೈಗುಳ.

ಖಂಡೇ ನವಮಿ ಬಂತು. ನಮ್ಮ ಕಡೆ ಆಯುಧ ಪೂಜೆ ಅನ್ನುವ ಹಾಗೆ ಈ ಕಡೆಯೂ ಆವತ್ತು ದುಡಿಯುವ ಸಾಮಾನುಗಳನ್ನೆಲ್ಲ ಪೂಜಿಸುತ್ತಾರೆ. ಪ್ರತಿ ವರ್ಷ ಸಂಭಾಜಿನಗರದ ಕೋಣೆಯಲ್ಲಿ ಸರ್ವರ್ ಇಟ್ಟ ಕಪಾಟಿಗೆ ಕುಂಕುಮ ಹಚ್ಚಿ, ಚೆಂಡು ಹೂವಿನ ಮಾಲೆ ಹಾಕಿ ಮುಗಿಸುತ್ತಿದ್ದರು. ಆ ವರ್ಷ ನಾನು ಹೋಗಬೇಕು ಅಂತ ಮನಸ್ಸಿಗೆ ಬಂತು. ಅಕ್ಕ ಜೀವಂತ ಉಳಿದದ್ದಕ್ಕೆ ನನ್ನ ಹರಕೆಯೂ ಇತ್ತು. ನಾಶಿಕದ ಕೋಣೆಗೆ ಬೀಗ ಹಾಕಿ, ಬೆಳಗಿನ ಎಸ್‌.ಟಿ. ಹಿಡಿದೆ. ವೈಜಾಪುರದಲ್ಲಿ ಬಸ್ಸು ನಿಂತಾಗ ಇಳಿದು ಒಂದು ತೆಂಗಿನಕಾಯಿ, ಹೂವು ತೆಗೆದುಕೊಂಡೆ.

ಕಪಾಟಿಗೆ ಪೂಜೆ ಮಾಡುವುದು ಸರಿ, ಆದರೆ ನಿಜವಾದ ಆಯುಧ ಯಾವುದು ಅಂತ ನಾನೇ ತೆಗೆದೆ ಮಾತು. ಅಕ್ಕನ ದನಿ ಇರುವ ಡಿಸ್ಕಿಗೆ ಪೂಜೆ ಆಗಬೇಕು ಅಂದೆ. ಅಕ್ಕ ಪಾಟಿಯ ಮೇಲೆ ಬೇಡ ಅಂತ ಬರೆದರು. "ನಿಮ್ಮದಲ್ರಿ ಅಕ್ಕಾರ, ಇದು ಶಿವ ಕೊಟ್ಟ ದನಿ. ಅವನ ಮುಂದ ಒಂದು ತಾಸು ಇಟ್ಟು ತೊಗೊಳ್ಳೋಣ" ಅಂದೆ. ಅವರು ನಕ್ಕರು, ಸದ್ದಿಲ್ಲದ ನಗೆ. ಪಾಟಿ ಒರೆಸಿದರು. ನಾನೇ ಕ್ರಮವಾಗಿ ಸರ್ವರಿಗೆ ಹೇಳಿ ಡಿಸ್ಕನ್ನು ಬಿಡಿಸಿ, ವಾಯರು ತೆಗೆದು, ಹಿತ್ತಾಳೆ ತಾಟಿನಲ್ಲಿ ಇಟ್ಟೆ. ವಿಭೂತಿ ಹಚ್ಚಿದೆ, ಕುಂಕುಮ ಇಟ್ಟೆ. ಆಗ ಹನ್ನೆರಡಕ್ಕೆ ಹತ್ತು ನಿಮಿಷ ಇತ್ತು.

ಹನ್ನೆರಡಕ್ಕೆ ನಾಶಿಕದ ನನ್ನ ಸರ್ವರ್ ತನ್ನ ರೂಢಿಯಂತೆ ಸಂಭಾಜಿನಗರಕ್ಕೆ ನೋಡಲಿಕ್ಕೆ ಬರುತ್ತದೆ. ಅದು ನನಗೆ ಗೊತ್ತಿರಲಿಲ್ಲವೇ? ಇಪ್ಪತ್ತು ವರ್ಷದಿಂದ ಗೊತ್ತಿತ್ತು. ಮಂಗಳಾರತಿ ಹಾಡುವಾಗ ನೆನಪಾಗಲಿಲ್ಲ, ಅಷ್ಟೇ.

ಕಾಯಿಯನ್ನು ತಾಟಿನ ಪಕ್ಕದಲ್ಲೇ ಒಡೆದೆ. ನೀರು ಸಿಡಿದು ಡಿಸ್ಕಿನ ಮೇಲೆ ಬಿತ್ತು. ಹೆಚ್ಚಲ್ಲ, ಒಂದು ಗುಟುಕಿನಷ್ಟು. ಸೆರಗಿನಿಂದ ಒರೆಸಿದೆ. ವಾಯರು ಚುಚ್ಚುವ ಬಾಯಿಯೊಳಗೆ ಹನಿ ಹೋಗಿದ್ದು ಕಾಣಲಿಲ್ಲ. ಆರತಿ ಆದಮೇಲೆ ಪ್ರಸಾದದ ಹಾಗೆ ಅಕ್ಕನ ದನಿ ಎಲ್ಲರೂ ಕೇಳೋಣ ಅಂತ ನನಗೆ ಆತುರ. ಒಣಗಲಿಕ್ಕೆ ಬಿಡದೆ ಜೋಡಿಸಿದೆ. ಚಿಟ್ ಅಂದಿತು, ಸ್ವಲ್ಪ ಸುಟ್ಟ ವಾಸನೆ ಬಂತು, ನಿಂತಿತು.

ಪೂಜೆಗೆ ಬಂದಿದ್ದ ಆ ಮೇಡಮ್ ಬಾಯಿಗೆ ಕೈ ಇಟ್ಟುಕೊಂಡಳು. ನಾನು ನಕ್ಕೆ. ಹೌದು, ನಕ್ಕೆ. "ಅಂಜಬ್ಯಾಡ್ರಿ ಅಕ್ಕಾರ, ನಾಶಿಕದಾಗ ಪೂರಾ ಅದ. ಇಲ್ಲೇ ಕೂತು ತೋರಸ್ತೀನಿ" ಅಂದು ಅವರ ಕಂಪ್ಯೂಟರಿನಿಂದಲೇ ನನ್ನ ಸರ್ವರ್ ತೆರೆದೆ.

ಅದು ಏನು ಮಾಡಿತು ಅಂತ ಅದೇ ಸಾಲು ಸಾಲಾಗಿ ಬರೆದಿಟ್ಟಿತ್ತು. ಹನ್ನೆರಡಕ್ಕೆ ಬಂದಿದೆ, ಡಿಸ್ಕ್ ಇರುವ ಜಾಗ ನೋಡಿದೆ, ಡಿಸ್ಕ್ ತಾಟಿನಲ್ಲಿದೆ, ಜಾಗ ಖಾಲಿ. ಅಲ್ಲಿ ಇಲ್ಲದ್ದು ಇಲ್ಲೂ ಇರಬಾರದು. ಅಳಿಸಿದೆ, ಅಳಿಸಿದೆ, ಅಳಿಸಿದೆ. ಮೊದಲ ದಿನದ ಓದು, ಎರಡನೆಯ ದಿನದ ಓದು, ಜೋಗುಳ, ನಗೆ. ಕೊನೆಗೆ ಹಳೆಯ ಕತ್ತರಿಸಿದ ಕಾಗುಣಿತವೂ. ಕಟ್ಟು ಇದ್ದಿದ್ದರೆ ಇನ್ನೂರಕ್ಕೆ ನಿಲ್ಲುತ್ತಿತ್ತು. ಕಟ್ಟು ಎಲ್ಲಿತ್ತು? ಅದರ ಹಿಂದೆಯೇ ಆವತ್ತು ಬಿಡುಗಡೆಯಾದ ಹೊಸ ಸಾಫ್ಟ್‌ವೇರುಗಳು ಬಂದು ಖಾಲಿಯಾದ ಜಾಗದಲ್ಲೆಲ್ಲ ಕೂಡುತ್ತಿದ್ದವು. ನಿಲ್ಲಿಸಿದೆ. ತಡವಾಗಿತ್ತು.

ಅಕ್ಕ ನನ್ನ ಹಿಂದೆಯೇ ನಿಂತು ಓದುತ್ತಿದ್ದರು. ನನಗಿಂತ ಮೊದಲು ಅವರಿಗೆ ತಿಳಿದಿರಬೇಕು. ಅವರ ಕೈ ನನ್ನ ಹೆಗಲ ಮೇಲಿತ್ತು. ಅದನ್ನು ಅವರು ತೆಗೆದುಕೊಂಡರು. ಪಾಟಿ ಎತ್ತಿಕೊಂಡು "ಕಟ್ಟು?" ಅಂತ ಬರೆದರು. ನಾನು ಹೇಳಿದೆ. ಎಂಟು ತಿಂಗಳ ಹಿಂದೆ ಹೇಳಬೇಕಾದದ್ದನ್ನು ಅವತ್ತು ಹೇಳಿದೆ. ಅವರು ತಾಟಿನಲ್ಲಿದ್ದ ಹೂವು ತೆಗೆದು ಕಪಾಟಿನ ಮೇಲೆ ಇಟ್ಟು ಮನೆಗೆ ನಡೆದರು.

ಮರುದಿನ ದಸರಾ. ಅದರ ಮರುದಿನ ಹತ್ತು ಗಂಟೆಗೆ ಫೋನ್ ಬಡಿಯಿತು. ಬರುವುದಿಲ್ಲ ಅಂತ ತಿಳಿದಿದ್ದೆ. ದೊಡ್ಡ ಸಂಗ್ರಹದ ಲೆಕ್ಕ ಓದಿದೆ, ಒಂದು ಸಲ ತಟ್ಟಿದರು. ಆಮೇಲೆ ಅಕ್ಕನ ದನಿಯ ಸಂಗ್ರಹದ ಲೆಕ್ಕ ಓದುವ ಕ್ರಮ. ಬಿಟ್ಟುಬಿಡಲೇ ಅಂದುಕೊಂಡೆ. ಬಿಡಲಿಲ್ಲ. "ಸೊನ್ನಿ" ಅಂದೆ.

ಒಂದು ಸಲ ತಟ್ಟಿದರು. ತಾಳೆ ಸರಿಯಾಗಿತ್ತು.

ಆವತ್ತು ಹೊರದೇಶದವರ ಪುಟದಲ್ಲಿ ನಮ್ಮ ಎರಡೂ ಹೆಸರಿನ ಮುಂದೆ ಹಸಿರು ಚುಕ್ಕೆ ಇತ್ತು. ಪಾಠಕ್ ಸರ್ ನನ್ನನ್ನು ಬೈಯಲಿಲ್ಲ. ಆ ಕುಂಕುಮದ ಮಾತು ಆಡಿ ನಾನು ಎಲ್ಲರನ್ನೂ ನಗಿಸಬಾರದಿತ್ತು ಅಂತ ಮಾತ್ರ ಅಂದರು, ಕನ್ನಡಕ ಒರೆಸಿಕೊಂಡರು. ಡಿಸ್ಕನ್ನು ಪುಣೆಯ ಇಬ್ಬರು ರಿಪೇರಿಯವರಿಗೆ ತೋರಿಸಿದೆವು, ಇಬ್ಬರೂ ಕೈಬಿಟ್ಟರು. ನನ್ನ ಸರ್ವರಿನಿಂದ ಕೆದಕಿ ತೆಗೆದಾಗ ತುಣುಕುಗಳು ಸಿಕ್ಕವು. ತೆರೆದರೆ ಸುಂಯ್ ಅನ್ನುವ ಸದ್ದು, ಅಷ್ಟೇ. ನಾಲ್ಕು ತಿಂಗಳು ನಾನು ಪೂಜೆಗೆ ಕೂತರೂ ಬೆರಳು ಮಡಚಲಿಲ್ಲ. ಕಾಯಿ ಒಡೆಯುವುದನ್ನು ಬಿಟ್ಟೆ, ಈಗಲೂ ಒಡೆಯುವುದಿಲ್ಲ. ನಿನಗೆ ಆ ಹನ್ನೆರಡು ಗಂಟೆ ಕಾಣಲಿಲ್ಲವೇ ಅಂತ ಶಿವನನ್ನು ಕೇಳಿದೆ. ಅವನೇನು ಹೇಳಬೇಕು. ಗಡಿಯಾರ ನನ್ನ ಎದುರಿಗೇ ಇತ್ತು.

ವೀರಣ್ಣನ ನೆನಪು ತಂದವರು ಮನೆಯವರು. ಊಟಕ್ಕೆ ಕೂತಾಗ, ಅವನು ವಾಯರು ಕೀಳಿಸಿದ್ದನಲ್ಲ, ಅವನ ಹತ್ತಿರ ಹಳೆಯದು ಹಾಗೇ ಇರಬಹುದಲ್ಲ ಅಂದರು. ತಾಟು ಅಲ್ಲೇ ಬಿಟ್ಟು ಎದ್ದೆ. ವೀರಣ್ಣ ಇನ್ನೂ ಮಾಲೇಗಾಂವ್‌ನಲ್ಲೇ ಇದ್ದ, ಅದೇ ಕಂಪ್ಯೂಟರ್ ಇಟ್ಟುಕೊಂಡಿದ್ದ. ನಾನು ಹೋದಾಗ ಅಕ್ಕನ ದನಿ ಅವನಿಗೆ ಯಾರದೋ ಪತ್ರ ಓದಿ ಹೇಳುತ್ತಿತ್ತು, ಬಿಕ್ಕಳಿಸುತ್ತ, ಅಕ್ಷರ ಅಕ್ಷರವಾಗಿ. ಬಾಗಿಲಲ್ಲೇ ಕೂತುಬಿಟ್ಟೆ. ವೀರಣ್ಣನಿಗೆ ಎಲ್ಲಾ ಹೇಳಿದೆ. ಅವನು ಕಂಪ್ಯೂಟರಿನ ಮೇಲೆ ಕೈ ಇಟ್ಟು, "ನನ್ನ ಜೋಡಿ ಇಷ್ಟು ವರ್ಷ ಮಾತಾಡ್ಯಾರ. ಈಗ ಅವರಿಗೇ ಮಾತಿಲ್ಲಂದ್ರ ಹ್ಯಾಂಗ್ರಿ" ಅಂದ.

ನನ್ನ ಹಳೆಯ ತಪ್ಪಿನಿಂದ ಮುನಿಸಿಕೊಂಡು ವಾಯರು ಕಿತ್ತವನು ಅವನು. ಬೇರೆಯವರೆಲ್ಲ ಎಂದೋ ಹೊಸ ಸಾಫ್ಟ್‌ವೇರಿಗೆ ಹೋಗಿದ್ದರು. ಅವನೊಬ್ಬನೇ ನನ್ನ ಮಾತು ಕೇಳದೆ ಉಳಿದವನು, ಅದಕ್ಕೇ ಅವನಲ್ಲಿ ಮಾತ್ರ ಉಳಿದಿತ್ತು. ಇದನ್ನು ಉಪಕಾರ ಅನ್ನದೆ ಏನನ್ನಲಿ. ಆವತ್ತು ಮೊದಲ ಸಲ ಮತ್ತೆ ಒಂದು ಬೆರಳು ಮಡಚಿದೆ. ಮೂರು ಪ್ರತಿ ಮಾಡಿ ಮೂರು ಬೇರೆ ಬೇರೆ ಡಿಸ್ಕಿನಲ್ಲಿ ಇಟ್ಟೆ. ಒಂದನ್ನೊಂದು ನೋಡಿ ಕಲಿಯದ ಹಾಗೆ, ಯಾವುದಕ್ಕೂ ವಾಯರು ಜೋಡಿಸದೆ. ನೀವೂ ಹಾಗೆ ಮಾಡಿ. ಮಿರರ್ ಅನ್ನುವುದು ಕಾಪಿಡುವ ಜಾಗ ಅಲ್ಲ. ಇರುವುದನ್ನು ನಂಬಿಕೆಯಿಂದ ಇಟ್ಟುಕೊಳ್ಳುತ್ತದೆ, ಹೋದದ್ದನ್ನೂ ಅಷ್ಟೇ ನಂಬಿಕೆಯಿಂದ ಕಳೆಯುತ್ತದೆ. ಅದಕ್ಕೆ ಕಟ್ಟು ಹಾಕಿ. ಯಾರು ನಕ್ಕರೂ ತೆಗೆಯಬೇಡಿ.

ಒಂದು ಲ್ಯಾಪ್‌ಟಾಪಿನಲ್ಲಿ ಆ ದನಿ ಕೂಡಿಸಿಕೊಂಡು ಸಂಭಾಜಿನಗರಕ್ಕೆ ಅಕ್ಕನ ಮನೆಗೆ ಹೋದೆ. ಅಷ್ಟರಲ್ಲಿ ಅವರು ನಿವೃತ್ತರಾಗಿದ್ದರು. ಯಜಮಾನರು ಚಹಾ ಕೊಟ್ಟು ಹೊರಗೆ ಹೋದರು. ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟು, ಟೈಪ್ ಮಾಡಿರಿ ಅಕ್ಕಾರ ಅಂದೆ. ಅವರು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. ಆಮೇಲೆ ಒಂದೊಂದೇ ಕೀಲಿ ಒತ್ತಿದರು. ಕೊನೆಗೆ ಓದುವ ಗುಂಡಿ ಒತ್ತಿದರು.

"ಮಾ. ದೇ. ವಿ. ಎ. ಷ್ಟ. ದ. ವಾ. ನಿಂ. ದು."

ಒಡಕು ಇತ್ತು, ಅಕ್ಷರವೂ ಅವರವೇ. ಮಾತಿನ ಕೊನೆಗೆ ಸೇರಿಕೊಳ್ಳುತ್ತಿದ್ದ ನಗೆ ಇರಲಿಲ್ಲ. ನನ್ನ ಹೆಸರನ್ನು ಅವರು ಹಾಗೆ ಯಾವತ್ತೂ ಕರೆದವರಲ್ಲ. ಆದರೂ ನನಗೆ ಆಸೆ. ಹೂಂ ಅಂದರೆ ಸಾಕು, ಇದರಲ್ಲೇ ಅವರು ಮಾತಾಡಲಿ, ನನ್ನ ಪಾಪ ಅರ್ಧವಾದರೂ ಕಳೆಯಲಿ ಅಂತ.

"ಹೊಂದ್ತದೇನ್ರಿ ಅಕ್ಕಾರ?" ಅಂದೆ.

ಅವರು ನನ್ನ ಮುಖ ನೋಡಿದರು. ಬೆರಳು ಮೇಜಿನ ಮೇಲೆ ಇಟ್ಟರು. ನಿಧಾನವಾಗಿ ಎರಡು ಸಲ ತಟ್ಟಿದರು.

ಆಮೇಲೆ ಲ್ಯಾಪ್‌ಟಾಪ್ ಮುಚ್ಚಿ, ತಣ್ಣಗಾಗಿದ್ದ ನನ್ನ ಚಹಾ ಮತ್ತೆ ಕಾಸಲಿಕ್ಕೆ ಎದ್ದರು. ನನ್ನ ಮನಸ್ಸು ಉಳಿಸಲಿಕ್ಕೆ ಅವರು ಒಂದೇ ಸಲ ತಟ್ಟಬಹುದಿತ್ತು. ನಮ್ಮ ಕೆಲಸದಲ್ಲಿ ಹಾಗೆ ಮಾಡುವುದಿಲ್ಲ.